ಒಡೆಯದೆ ಹಾಕಿದ ಉಂಡೆಗಳು

ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು. ಆಸ್ಪತ್ರೆಯ ಹಿಂಭಾಗದ ಆ ಲ್ಯಾಬಿನಲ್ಲಿ ನೆಲ ಒರೆಸುವವರಿಂದ ಹಿಡಿದು ಮುಖ್ಯ ಡಾಕ್ಟರವರೆಗೆ ಎಲ್ಲರಿಗೂ ಅವಳು ಸಾಕಮ್ಮ. ಜೀವಕೋಶಗಳನ್ನು ಸಾಕುತ್ತಾಳಾದ್ದರಿಂದ ಸಾಕಮ್ಮ. ಯಾರೋ ಟೀ ಕುಡಿಯುತ್ತ ತಮಾಷೆಗೆ ಇಟ್ಟ ಹೆಸರು ಮೈಗಂಟಿಕೊಂಡಿತು, ಅವಳೂ ಬೇಡವೆನ್ನಲಿಲ್ಲ. ಐವತ್ತರ ಹತ್ತಿರ ಬಂದ, ಗಂಡ ತೀರಿಕೊಂಡ, ಮಕ್ಕಳಿಲ್ಲದ ಹೆಂಗಸಿಗೆ ಅಮ್ಮ ಎಂದು ಮುಗಿಯುವ ಹೆಸರು ಪುಕ್ಕಟೆ ಸಿಕ್ಕರೆ ಯಾಕೆ ಬೇಡವೆನ್ನಬೇಕು?

ಕೋಶ ಸಾಕುವುದೆಂದರೆ ಏನೋ ಮಹಾವಿದ್ಯೆ ಎಂದು ಬೆರಗಾಗಬೇಡಿ. ಎಮ್ಮೆ ಸಾಕಿದ ಹಾಗೆಯೇ ಅದೂ. ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು, ಹೊಲಸು ತೆಗೆಯಬೇಕು, ಬೆಚ್ಚಗಿಡಬೇಕು, ಜಾಗ ಸಾಲದಾದರೆ ಬೇರೆ ಕೊಟ್ಟಿಗೆಗೆ ಹಂಚಬೇಕು. ವ್ಯತ್ಯಾಸ ಒಂದೇ. ಎಮ್ಮೆ ಹಸಿದರೆ ಕೂಗುತ್ತದೆ, ಇವು ಸದ್ದಿಲ್ಲದೆ ಸಾಯುತ್ತವೆ. ಅದಕ್ಕೇ ಸಾಕಮ್ಮ ಭಾನುವಾರವೂ ಬರುತ್ತಿದ್ದಳು. ಎರಡು ಜೊತೆ ಕೈಗವಸು ಹಾಕಿ, ಅವುಗಳ ಮೇಲೆ ಸ್ಪಿರಿಟ್ ಸಿಂಪಡಿಸಿಕೊಂಡು, ಗಾಳಿ ಸೋಸುವ ಗಾಜಿನ ಹುಡ್ ಒಳಗೆ ತೋಳು ತೂರಿಸಿ ಕೂತಳೆಂದರೆ ಮೂಗು ತುರಿಸಿದರೂ ಕೈ ಹೊರಗೆ ತೆಗೆಯುತ್ತಿರಲಿಲ್ಲ. ಹುಡ್ ಎದುರು ಯಾರಾದರೂ ಬಾಯಿ ತೆರೆದು ಹರಟಿದರೆ ಮುಖಮೂತಿ ನೋಡದೆ ಬೈಯುತ್ತಿದ್ದಳು.

"ನಿಮ್ಮ ಬಾಯಲ್ಲಿರೋ ಹುಳ ನನ್ನ ಮಕ್ಕಳಿಗೆ ಬೇಡ, ಆಚೆ ಹೋಗಿ ಮಾತಾಡ್ಕೊಳ್ಳಿ" ಎನ್ನುತ್ತಿದ್ದಳು. ಡಾಕ್ಟರಿಗೂ ಇದೇ ಮಾತು. ಅವರು ನಕ್ಕು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅವಳು ಸಾಕುತ್ತಿದ್ದವು ಆಸರೆ ಕೋಶಗಳು. ಮೂಳೆಯ ಒಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟುವಾಗ ಸುತ್ತ ನಿಂತು ಹಿಡಿದುಕೊಳ್ಳುವ, ಊಡುವ ಕೋಶಗಳು ಇವು. ಇವಕ್ಕೆ ಇನ್ನೊಂದು ಗುಣವೂ ಇದೆ. ರೋಗ ಬಂದರೆ ಹೊಡೆದಾಡುವ ಕಾವಲು ಕೋಶಗಳು ಕೆಲವೊಮ್ಮೆ ವಿನಾಕಾರಣ ರೇಗಿ ಮೈಯ ಮೇಲೇ ತಿರುಗಿ ಬೀಳುತ್ತವಲ್ಲ, ಆಗ ಈ ಆಸರೆ ಕೋಶಗಳು ಪಕ್ಕದಲ್ಲಿದ್ದರೆ ಅವು ತಣ್ಣಗಾಗುತ್ತವೆ. ಬೀದಿ ಜಗಳದ ನಡುವೆ ಹಿರಿಯಳೊಬ್ಬಳು ಬಂದು ನಿಂತರೆ ಗಲಾಟೆ ಇಳಿಯುವುದಿಲ್ಲವೇ, ಹಾಗೆ.

ಇದನ್ನು ಪರೀಕ್ಷೆ ಮಾಡುವ ಕ್ರಮವೂ ಸರಳ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಕಾವಲು ಕೋಶಗಳನ್ನು ಹಾಕಿ, ಅವುಗಳನ್ನು ರೇಗಿಸುವ ಮದ್ದು ಬಿಡಬೇಕು. ಜೊತೆಗೆ ಆಸರೆ ಕೋಶಗಳನ್ನು ಹಾಕಿ ಐದು ದಿನ ಬೆಚ್ಚಗಿಡಬೇಕು. ಕಾವಲು ಕೋಶಗಳು ರೇಗಿ ಒಂದಕ್ಕೆ ಎರಡಾಗಿ ಹೆಚ್ಚಿಕೊಂಡರೆ, ಅವು ತಿಂದು ಬಿಟ್ಟ ಹುಳಿಯಿಂದ ಗುಳಿಯಲ್ಲಿರುವ ಗುಲಾಬಿ ಬಣ್ಣದ ಮೇವಿನ ನೀರು ಹಳದಿಯಾಗುತ್ತದೆ. ಆಸರೆ ಕೋಶಗಳು ಅವನ್ನು ಸುಮ್ಮನಿರಿಸಿದ್ದರೆ ಗುಲಾಬಿ ಗುಲಾಬಿಯಾಗಿಯೇ ಇರುತ್ತದೆ. ಕರಾರುವಾಕ್ಕಾಗಿ ಲೆಕ್ಕ ಹೇಳಲು ದೊಡ್ಡ ಯಂತ್ರವೊಂದು ಪಕ್ಕದ ಕೋಣೆಯಲ್ಲಿತ್ತು, ಅದು ಬೇರೆ ಮಾತು. ಸಾಕಮ್ಮನಿಗೆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರೆ ಮುಗಿಯಿತು.

ಮೊದಲು ಈ ಆಸರೆ ಕೋಶಗಳನ್ನು ಚಪ್ಪಟೆ ಫ್ಲಾಸ್ಕುಗಳ ತಳದಲ್ಲಿ ಬೆಳೆಸುತ್ತಿದ್ದರು. ಅವು ಪ್ಲಾಸ್ಟಿಕ್ಕಿಗೆ ಅಂಟಿ, ಕೈಕಾಲು ಚಾಚಿ ಮಲಗಿ ಬೆಳೆಯುತ್ತಿದ್ದವು. ರೋಗಿಯ ರಕ್ತನಾಳಕ್ಕೆ ಬಿಟ್ಟರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಬೇಗ ಸಾಯುತ್ತಿದ್ದವು. ಕೆಲವರಿಗೆ ಗುಣವಾಗುತ್ತಿತ್ತು, ಕೆಲವರಿಗೆ ಇಲ್ಲ. ಡಾಕ್ಟರಿಗೆ ಅದು ಸಾಲದು.

"ಮೈಯೊಳಗೆ ಯಾವ ಕೋಶ ಪ್ಲಾಸ್ಟಿಕ್ ಮೇಲೆ ಮಲಗಿರುತ್ತೆ ಹೇಳಿ ಸಾಕಮ್ಮ? ಅಲ್ಲಿ ಮೇಲೆ, ಕೆಳಗೆ, ಅಕ್ಕ ಪಕ್ಕ, ಎಲ್ಲ ಕಡೆ ನೆಂಟರು. ನಾವೂ ಹಾಗೇ ಬೆಳೆಸೋಣ" ಎಂದರು ಒಂದು ದಿನ.

ಹಾಗೆ ಬಂದವು ಉಂಡೆಗಳು. ಅಂಟಿಕೊಳ್ಳಲು ಬಾರದಂಥ ಗುಂಡು ತಳದ ಗುಳಿಯಲ್ಲಿ ಕೋಶಗಳನ್ನು ಬಿಟ್ಟರೆ ಹಿಡಿಯಲು ಬೇರೇನೂ ಸಿಗದೆ ಒಂದನ್ನೊಂದು ತಬ್ಬಿಕೊಂಡು ಮರುದಿನಕ್ಕೆ ಉಂಡೆ ಕಟ್ಟುತ್ತಿದ್ದವು. ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕ ಬಿಳಿ ಚುಕ್ಕಿ. ದೊಡ್ಡ ಸೂಜಿಯಿಂದ ಇಲಿಯ ಹೊಟ್ಟೆಯೊಳಗೆ ಬಿಟ್ಟರೆ ಬಹಳ ದಿನ ಬದುಕುತ್ತಿದ್ದವು. ಅವು ಹೊರಬಿಡುವ ತಂಪಿನ ರಸಗಳನ್ನು ಅಳೆದು ನೋಡಿದಾಗ ಚಪ್ಪಟೆ ಕೋಶಗಳಿಗಿಂತ ಎಷ್ಟೋ ಪಾಲು ಜಾಸ್ತಿ. ಕಾವಲು ಕೋಶಗಳಲ್ಲೇ ಒಂದು ಬಗೆ, ಕಸ ನುಂಗುವ ಬಗೆ, ಈ ರಸ ತಾಗಿದ್ದೇ ತೆಪ್ಪಗಾಗುತ್ತಿತ್ತು. ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೊಂದು ಬಗೆಯವು, ಮೈಯನ್ನೇ ಹುಡುಕಿ ಹುಡುಕಿ ಹೊಡೆಯುವ ನಿಜವಾದ ಜಗಳಗಂಟರು, ಅವುಗಳ ಪರೀಕ್ಷೆಯಲ್ಲೂ ಉಂಡೆ ಗೆದ್ದಿತು. ಪ್ಲೇಟು ಗುಲಾಬಿಯಾಗಿಯೇ ಉಳಿಯಿತು.

ಈ ಕೊನೆಯ ಪರೀಕ್ಷೆಯಲ್ಲೇ ಹುಳುಕಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ಪರೀಕ್ಷೆಗೆ ಪ್ರತಿ ಗುಳಿಗೂ ಆಸರೆ ಕೋಶ ಒಂದೇ ಲೆಕ್ಕದಲ್ಲಿ ಬೀಳಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇನು? ಉಂಡೆಯೊಳಗೆ ಎಷ್ಟಿವೆಯೆಂದು ಎಣಿಸುವುದು ಹೇಗೆ? ಅದಕ್ಕೇ ಟ್ರಿಪ್ಸಿನ್ ಎಂಬ ದ್ರಾವಣ ಹಾಕಿ ಉಂಡೆಗಳನ್ನು ಒಡೆದು, ಕೋಶಗಳನ್ನು ಬಿಡಿ ಬಿಡಿಯಾಗಿಸಿ, ಎಣಿಸಿ ಹಾಕುತ್ತಿದ್ದರು. ಡಾಕ್ಟರೇ ಬರೆದ ಕ್ರಮ, ಹೊರಗಿನ ಪರಿಣತರು ನೋಡಿ ತಲೆದೂಗಿದ ಕ್ರಮ, ಸಾಕಮ್ಮ ಚಾಚೂ ತಪ್ಪದೆ ಮಾಡಿದ ಕ್ರಮ. ಎಣಿಸದೆ ಹಾಕುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಒಡೆದ ಕೋಶಗಳು ಚಪ್ಪಟೆ ತಳಕ್ಕೆ ಬಿದ್ದ ರಾತ್ರಿಯೇ ಅಂಟಿಕೊಂಡು, ಕೈಕಾಲು ಚಾಚಿ, ಮತ್ತೆ ಹಳೆಯ ಚಪ್ಪಟೆ ಕೋಶಗಳೇ ಆಗಿಬಿಡುತ್ತಿದ್ದವು. ಅಂದರೆ ಇಷ್ಟೆಲ್ಲ ಮಂದಿ ಸೇರಿ ಉಂಡೆಯ ಹೆಸರಿನಲ್ಲಿ ಪರೀಕ್ಷಿಸಿದ್ದು ಚಪ್ಪಟೆ ಕೋಶಗಳನ್ನು. ಉಂಡೆಯನ್ನು ಉಂಡೆಯಾಗಿ ಯಾರೂ ಪರೀಕ್ಷಿಸಿರಲೇ ಇಲ್ಲ. ಓದಿದವರು, ಅನುಭವಸ್ಥರು, ಎಲ್ಲರ ಕಣ್ಣಿಗೂ ಮಂಕು ಕವಿದಿತ್ತು.

ಇಷ್ಟಕ್ಕೇ ನಿಂತಿದ್ದರೆ ಲ್ಯಾಬಿನ ಕತೆ ಲ್ಯಾಬಿನಲ್ಲೇ ಮುಗಿಯುತ್ತಿತ್ತು. ಆದರೆ ಸಾಕಮ್ಮನಿಗೊಬ್ಬ ತಮ್ಮನಿದ್ದ.

ತಾಯಿ ಹೋದಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಸಾಕಮ್ಮನೇ ಉಣಿಸಿ, ಹೊಡೆದು, ಓದಿಸಿ ದೊಡ್ಡವನನ್ನಾಗಿ ಮಾಡಿದಳು. ಸಿಟಿ ಬಸ್ಸಿನ ಡ್ರೈವರಾದ. ಬಾಯಿ ಬಡುಕ. ಹತ್ತುವ ಇಳಿಯುವ ಎಲ್ಲರನ್ನೂ ಮಾತಾಡಿಸುವವನು. ಹೆಂಡತಿ, ಒಬ್ಬಳೇ ಮಗಳು, ಅಕ್ಕನ ಮನೆಯಿಂದ ಎರಡು ಬೀದಿಯಾಚೆ ಬಾಡಿಗೆ ಕೋಣೆಗಳು. ಸುಖವಾಗಿದ್ದರು. ಆಮೇಲೆ ಅವನಿಗೆ ಮೂಗಿನಿಂದ ರಕ್ತ ಬರಲು ಶುರುವಾಗಿ, ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇರೆಯವರ ಮಜ್ಜೆ ಹಾಕಿದರೆ ಮಾತ್ರ ಉಳಿಯುತ್ತಾನೆಂದರು. ಹೊಂದುವ ಮಜ್ಜೆ ಸಿಕ್ಕಿದ್ದು ಅಕ್ಕನದೇ. ಸೊಂಟದ ಮೂಳೆಗೆ ಸೂಜಿ ಚುಚ್ಚಿ ತೆಗೆದ ಮೇಲೆ ವಾರವಿಡೀ ಕುಂಟಿದಳು. ಕುಂಟುತ್ತಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದಳು, ನನ್ನ ತಮ್ಮನ ಮೈಯಲ್ಲಿ ಈಗ ನನ್ನ ರಕ್ತ ಹರಿಯುತ್ತೆ ಅಂತ. ಅವಳ ಸಂತೋಷ ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ಕ್ಯಾನ್ಸರ್ ಹೋಯಿತು. ಎರಡು ತಿಂಗಳಾದ ಮೇಲೆ ಅಂಗೈ ಕೆಂಪಾಯಿತು. ಆಮೇಲೆ ಅಂಗಾಲು, ಕಿವಿ, ಎದೆ. ಚರ್ಮ ಪದರ ಪದರವಾಗಿ ಏಳತೊಡಗಿತು. ಹೊಟ್ಟೆ ಕೆಟ್ಟು ಹಸಿರು ನೀರಿನಂತೆ ಹೋಗತೊಡಗಿತು, ದಿನಕ್ಕೆ ಬಕೆಟ್ಟುಗಟ್ಟಲೆ. ಕಣ್ಣು ಹಳದಿಯಾಯಿತು. ಇದೇನೆಂದು ಸಾಕಮ್ಮನಿಗೆ ಯಾರೂ ವಿವರಿಸಬೇಕಿರಲಿಲ್ಲ. ಮಜ್ಜೆಯ ಜೊತೆ ಹೋದ ಕಾವಲು ಕೋಶಗಳು ಅವಳವು. ಮೈ ಅವನದು. ಹೊಸ ಜಾಗಕ್ಕೆ ಬಂದ ಅವು, ಇದು ನಮ್ಮ ಮನೆಯಲ್ಲ ಎಂದುಕೊಂಡು ಒಡೆಯಲು ಶುರುಮಾಡಿದ್ದವು.

"ಏನಕ್ಕಾ, ಚಿಕ್ಕೋನಿದ್ದಾಗ ಹೊಡೆದಿದ್ದು ಸಾಲ್ದು ಅಂತ ಈಗ ಒಳಗೇ ಹೋಗಿ ಹೊಡೀತಿದ್ದೀಯಾ?" ಎಂದ ತಮ್ಮ, ಒಡೆದ ತುಟಿಯಲ್ಲಿ ನಗುತ್ತ.

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಸಾಕಮ್ಮ, "ಹೂಂ ಕಣೋ, ಆಗ್ಲೇ ಸರಿಯಾಗಿ ಬಗ್ಗಿದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ" ಎಂದು ಅವನ ಹೊದಿಕೆ ಸರಿಮಾಡಿದಳು. ಆಮೇಲೆ ಲ್ಯಾಬಿನ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಗೋಡೆಗೆ ಹಣೆಯಿಟ್ಟು ಅತ್ತಳು.

ಸ್ಟೀರಾಯ್ಡ್ ಕೊಟ್ಟರು, ಹೆಚ್ಚಿಸಿದರು, ರೋಗ ಜಗ್ಗಲಿಲ್ಲ. ಉಳಿದಿದ್ದು ಡಾಕ್ಟರ ಉಂಡೆಗಳ ಪ್ರಯೋಗ. ಆಗಲೇ ಇಬ್ಬರು ರೋಗಿಗಳು ಸೇರಿದ್ದರು, ತಮ್ಮ ಮೂರನೆಯವನು. ಕೆಲಸದವರು ತಮ್ಮ ಸಂಬಂಧಿಕರ ಔಷಧಿ ತಯಾರಿಸಬಾರದೆಂದು ನಿಯಮವಿತ್ತು. ಆದರೆ ಉಂಡೆ ಕಟ್ಟಲು ಕೈ ಪಳಗಿದ್ದವಳು ಅವಳೊಬ್ಬಳೇ, ಹಾಗಾಗಿ ಎಲ್ಲರೂ ಆ ನಿಯಮವನ್ನು ಕಂಡೂ ಕಾಣದಂತಿದ್ದರು. ಮೊದಲ ಡೋಸ್ ಕೊಟ್ಟ ಮರುದಿನ ಅವನು ಎರಡು ಚಮಚ ಗಂಜಿ ಕುಡಿದ. ಎರಡೇ ಎರಡು ಚಮಚ! ಅವನ ಹೆಂಡತಿ ಲ್ಯಾಬಿನ ಬಾಗಿಲವರೆಗೆ ಓಡಿಬಂದು, ಒಳಗೆ ಬರುವಂತಿಲ್ಲವಾದ್ದರಿಂದ ಗಾಜಿನಾಚೆ ನಿಂತು, ಎರಡು ಬೆರಳೆತ್ತಿ ತೋರಿಸಿದಳು. ಸಾಕಮ್ಮ ಹುಡ್ ಒಳಗಿಂದ ಕೈ ತೆಗೆದುಬಿಟ್ಟಳು. ಕೆಲಸದ ನಡುವೆ ಅವಳು ಕೈ ತೆಗೆದದ್ದನ್ನು ಅಲ್ಲಿಯವರು ನೋಡಿದ್ದು ಅದೇ ಮೊದಲು.

ಆ ವಾರವೇ ಫ್ರೀಜರ್ ಕೈಕೊಟ್ಟಿತು. ಯಾರೋ ನೆಲ ತೊಳೆಯುವಾಗ ಪ್ಲಗ್ ಸಡಿಲವಾಗಿ, ಒಳಗಿದ್ದ ಟ್ರಿಪ್ಸಿನ್ ಎಲ್ಲ ಕರಗಿ ಹಾಳಾಯಿತು. ಪ್ರತಿ ಕಂತಿನ ಉಂಡೆಗಳಿಂದ ಒಂದಿಷ್ಟನ್ನು ಪರೀಕ್ಷೆಗೆ ಹಾಕಲೇಬೇಕಿತ್ತು. ಸಾಕಮ್ಮ ಹಾಳಾದ ದ್ರಾವಣವನ್ನೇ ಹಾಕಿ ನೋಡಿದಳು, ಉಂಡೆ ಜಪ್ಪಯ್ಯ ಎನ್ನಲಿಲ್ಲ. ಪಿಪೆಟ್ಟಿನಿಂದ ಎಳೆದು ಬಿಟ್ಟು ಎಳೆದು ಬಿಟ್ಟು ಸೋತಳು. ಹೊಸ ಬಾಟಲಿ ಬರಲು ವಾರ ಬೇಕು. ಹಾಳಾಗಿ ಹೋಗಲಿ, ಉಂಡೆ ಕಟ್ಟುವಾಗ ಒಂದೊಂದು ಗುಳಿಗೆ ಎಷ್ಟು ಬಿಟ್ಟಿದ್ದೆನೆಂದು ಗೊತ್ತಲ್ಲ, ಆ ಲೆಕ್ಕದಲ್ಲೇ ಹಾಕುತ್ತೇನೆ ಎಂದು ಗೊಣಗಿಕೊಂಡು ಉಂಡೆಗಳನ್ನು ಒಡೆಯದೆ ಹಾಗೇ ಗುಳಿಗಳಿಗೆ ಬಿಟ್ಟಳು. ಒಲ್ಲದ ಮನಸ್ಸಿನಿಂದ ಮಾಡಿದ ಕೆಲಸ, ಮಾಡಿ ಮರೆತಳು.

ಐದನೆಯ ದಿನ ಬೆಳಿಗ್ಗೆ ಇನ್ಕ್ಯುಬೇಟರ್ ಬಾಗಿಲು ತೆಗೆದರೆ ಪ್ಲೇಟು ಹಳದಿ. ಒಂದು ಗುಳಿಯಲ್ಲ, ಎರಡಲ್ಲ, ಉಂಡೆ ಹಾಕಿದ್ದ ಸಾಲು ಸಾಲೂ ಹಳದಿ. ಆಸರೆ ಕೋಶ ಹಾಕದೇ ಬಿಟ್ಟಿದ್ದ ಗುಳಿಗಳ ಬಣ್ಣಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನಡುವೆ ಉಂಡೆ ತನ್ನ ಪಾಡಿಗೆ ತಾನು ದುಂಡಗೆ, ಆರೋಗ್ಯವಾಗಿ ಕೂತಿತ್ತು. ಸುತ್ತ ಕಾವಲು ಕೋಶಗಳು ಗುಂಪುಗುಂಪಾಗಿ ಕಿಕ್ಕಿರಿದಿದ್ದವು. ಉಂಡೆ ಅಲ್ಲಿದೆಯೆಂಬ ಪರಿವೆಯೇ ಅವಕ್ಕಿರಲಿಲ್ಲ.

ಮೊದಲು ಅವಳಿಗೆ ಬಂದದ್ದು ತನ್ನ ಮೇಲೇ ಸಿಟ್ಟು. ಥೂ, ಉಂಡೆ ಒಡೆಯದೆ ಹಾಕಿದೆನಲ್ಲ, ಪರೀಕ್ಷೆ ಕೆಡಿಸಿಕೊಂಡೆ ಎಂದು ಹಣೆ ಚಚ್ಚಿಕೊಂಡಳು. ಒಡೆದಿದ್ದರೆ ಸರಿಯಾಗಿರುತ್ತಿತ್ತು ಎಂದುಕೊಂಡಳು. ಪ್ಲೇಟು ಕೈಯಲ್ಲಿ ಹಿಡಿದು ಎದ್ದವಳು ಹಾಗೇ ನಿಂತಳು. ಹುಡ್ ಒಳಗೆ ತಮ್ಮನ ಎರಡನೆಯ ಡೋಸ್ ತಯಾರಾಗಿತ್ತು. ದೊಡ್ಡ ಸಿರಿಂಜಿನಲ್ಲಿ ಬಿಳಿ ಚುಕ್ಕಿಗಳು ತೇಲುತ್ತಿದ್ದವು. ಇಡಿ ಉಂಡೆಗಳು. ತಮ್ಮನ ಹೊಟ್ಟೆಯಲ್ಲಿ ಅವನ್ನು ಒಡೆಯುವವರು ಯಾರು? ಅಲ್ಲಿ ಟ್ರಿಪ್ಸಿನ್ ಹಿಡಿದುಕೊಂಡು ಯಾವ ಸಾಕಮ್ಮ ಕೂತಿರುತ್ತಾಳೆ?

ಕೆಟ್ಟದ್ದು ಇವತ್ತಿನ ಪರೀಕ್ಷೆಯಲ್ಲ. ಸರಿಯಾಗಿ ನಡೆದ ಪರೀಕ್ಷೆ ಇದೊಂದೇ. ಇಲ್ಲಿವರೆಗಿನವೆಲ್ಲ ಸುಳ್ಳು.

ಈಗ ಹೋಗಿ ಹೇಳಬೇಕಿತ್ತು. ಡಾಕ್ಟರ ಕೋಣೆ ಎಂಟು ಹತ್ತು ಹೆಜ್ಜೆಯಷ್ಟು ದೂರ, ಬಾಗಿಲು ತೆರೆದೇ ಇತ್ತು, ಅವರು ಫೋನಿನಲ್ಲಿ ನಗುತ್ತಿದ್ದದ್ದೂ ಕೇಳುತ್ತಿತ್ತು. ಹೇಳಿದರೆ ಈ ಸಿರಿಂಜು ಕಸದ ಡಬ್ಬಕ್ಕೆ ಹೋಗುತ್ತದೆ. ಪ್ರಯೋಗ ನಿಲ್ಲುತ್ತದೆ. ಮೇಲಿನ ವಾರ್ಡಿನಲ್ಲಿ ತಮ್ಮ ಬೆಳಗಿನಿಂದ ಕಾಯುತ್ತಿದ್ದಾನೆ, ಇವತ್ತು ಅಕ್ಕನ ಔಷಧಿ ಬರುತ್ತೆ ಅಂತ ನರ್ಸುಗಳಿಗೆಲ್ಲ ಹೇಳಿಟ್ಟಿದ್ದಾನೆ. ಮೊದಲ ಡೋಸ್ ಆದ ಮೇಲೆ ಗಂಜಿ ಕುಡಿದನಲ್ಲ, ಅದೇನು ಸುಳ್ಳೇ? ಒಂದೇ ಒಂದು ಪ್ಲೇಟು ನೋಡಿ, ಅದೂ ಎಣಿಸದೆ ಹಾಕಿದ ಪ್ಲೇಟು ನೋಡಿ, ಅವನ ಬಾಯಿಗೆ ಬಂದದ್ದನ್ನು ಕಸಿದುಕೊಳ್ಳುವುದೇ? ನನ್ನದೇ ತಪ್ಪಿದ್ದರೆ? ಹೀಗೆಲ್ಲ ತನ್ನನ್ನು ತಾನೇ ಪುಸಲಾಯಿಸಿಕೊಂಡಳು. ಉಳಿದಿಬ್ಬರು ರೋಗಿಗಳಿಗೂ ಇದೇ ಉಂಡೆ ಹೋಗುತ್ತಿದೆ ಎಂಬುದು ಆ ಹೊತ್ತಿನಲ್ಲಿ ಅವಳ ತಲೆಗೇ ಹೊಳೆಯಲಿಲ್ಲ. ಇದನ್ನು ಅವಳ ಪರವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಪ್ಲೇಟಿಗೆ ಬ್ಲೀಚ್ ಸುರಿದಳು. ಹಳದಿ ಬಿಳಿಯಾಯಿತು.

"ಈ ಸಲದ ಪ್ಲೇಟು ಏನಾಯ್ತು?" ಎಂದು ಡಾಕ್ಟರು ಬಾಗಿಲಲ್ಲಿ ಇಣುಕಿ ಕೇಳಿದರು.

"ಕೆಟ್ಟೋಯ್ತು ಸರ್. ಟ್ರಿಪ್ಸಿನ್ ಇರ್ಲಿಲ್ವಲ್ಲ. ಹೊಸದು ಬಂದ್ಮೇಲೆ ಮತ್ತೆ ಹಾಕ್ತೀನಿ."

"ಸರಿ ಬಿಡಿ. ನಿಮ್ಮ ತಮ್ಮನ ಡೋಸ್ ಮೇಲಕ್ಕೆ ಕಳಿಸಿಬಿಡಿ" ಎಂದರು ಅವರು.

ಕಳಿಸಲಿಲ್ಲ, ತಾನೇ ಒಯ್ದಳು. ಸೂಜಿ ಒಳಗೆ ಹೋಗುವಾಗ ತಮ್ಮನ ಕೈ ಹಿಡಿದುಕೊಂಡಿದ್ದಳು. ಅಂಗೈಯ ಚರ್ಮ ಅವಳ ಬೆರಳಿಗೆ ಅಂಟಿ ಬಂತು. "ಈ ಸಲ ಗಟ್ಟಿಯಾಗಿ ಕೆಲಸ ಮಾಡುತ್ತೆ ನೋಡಕ್ಕಾ, ನಂಗೆ ಅನ್ನಿಸ್ತಿದೆ" ಎಂದ. ಅವಳು ತಲೆಯಾಡಿಸಿದಳು.

ಕೆಲಸ ಮಾಡಲಿಲ್ಲ. ಗಂಜಿ ಕುಡಿಯುವುದು ನಿಂತಿತು, ನೀರು ಕುಡಿಯುವುದೂ ನಿಂತಿತು. ಮಲದಲ್ಲಿ ರಕ್ತ ಬಂತು. ಮೊದಲ ಸಲ ರೋಗ ಇಳಿದಿದ್ದದ್ದು ಅದೇ ವೇಳೆಗೆ ಮತ್ತೆ ಏರಿಸಿದ್ದ ಸ್ಟೀರಾಯ್ಡಿನಿಂದಿರಬೇಕು ಎಂದು ವಾರ್ಡಿನ ಡಾಕ್ಟರೊಬ್ಬರು ಮಾತಿನ ನಡುವೆ ಅಂದರು. ಹೊಸ ಟ್ರಿಪ್ಸಿನ್ ಬಂದ ದಿನವೇ ಸಾಕಮ್ಮ ಪರೀಕ್ಷೆಗಿಟ್ಟಳು. ಈ ಸಲ ಒಂದೇ ಪ್ಲೇಟಿನಲ್ಲಿ ಎರಡು ಸಾಲು, ಒಂದರಲ್ಲಿ ಒಡೆದ ಉಂಡೆ, ಪಕ್ಕದಲ್ಲಿ ಇಡಿ ಉಂಡೆ. ಆ ಐದು ದಿನ ಅವಳು ಹೇಗೆ ಕಳೆದಳೆಂದು ಕೇಳಬೇಡಿ. ಗಂಟೆಗೊಮ್ಮೆ ಇನ್ಕ್ಯುಬೇಟರ್ ಬಾಗಿಲ ಮುಂದೆ ಹೋಗಿ, ಬೆಚ್ಚಗಿನ ಗಾಳಿ ಹೊರಹೋದರೆ ಕೋಶಗಳಿಗೆ ಕಷ್ಟವೆಂದು ತೆರೆಯದೆ ಹಿಂದಿರುಗುತ್ತಿದ್ದಳು. ಕೊನೆಗೆ ತೆರೆದಾಗ ಒಂದು ಸಾಲು ಗುಲಾಬಿ, ಪಕ್ಕದ ಸಾಲು ಹಳದಿ. ಕಣ್ಣಿಲ್ಲದವರಿಗೂ ಕಾಣುವಷ್ಟು ಸ್ಪಷ್ಟ.

ಪ್ಲೇಟು ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟಳು. "ಹಳದಿ ಇರೋದು ಒಡೆಯದ ಉಂಡೆ ಸರ್" ಎಂದಳು, ಅಷ್ಟೇ. ಡಾಕ್ಟರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದರು, ಇಳಿಸಿದರು, ಮತ್ತೆ ಎತ್ತಿ ಹಿಡಿದರು.

"ಒಡೆದ ಮೇಲೆ ಅದು ಉಂಡೆಯೇ ಅಲ್ಲ. ಇಷ್ಟು ಸಣ್ಣ ವಿಷಯ. ನಾವ್ಯಾರೂ ನೋಡಲಿಲ್ಲವಲ್ಲ" ಎಂದರು. ಅವಳ ಕಡೆ ತಿರುಗಿ, "ಹೋದ ಸಲ ಪ್ಲೇಟು ಕೆಟ್ಟಿತು ಅಂದ್ರಲ್ಲ?" ಎಂದು ಕೇಳಿದರು.

"ಕೆಟ್ಟಿರ್ಲಿಲ್ಲ ಸರ್. ಹೀಗೇ ಇತ್ತು."

ಡಾಕ್ಟರು ಪ್ಲೇಟನ್ನು ಮೇಜಿನ ಮೇಲೆ ಇಳಿಸಿದರು. ಆಮೇಲೆ, "ಅವತ್ತು ಹೇಳಿದ್ರೂ ನಾನು ನಂಬ್ತಿರಲಿಲ್ಲವೇನೋ, ಇನ್ನೊಂದ್ಸಲ ಮಾಡಿ ಅಂತಿದ್ದೆ" ಎಂದರು. ಒಳ್ಳೆಯ ಮನುಷ್ಯ, ಅವಳ ಭಾರ ಇಳಿಸಲು ಅಂದದ್ದು. ನಿಜವೂ ಇರಬಹುದು. ಆದರೆ ಆ 'ಏನೋ' ಎಂಬಲ್ಲಿ ಅವಳು ಸಿಕ್ಕಿಕೊಂಡಳು. ನಂಬಿದ್ದಿದ್ದರೆ? ಚಪ್ಪಟೆಯಾಗಿ ಬೆಳೆಸಿದ ಹಳೆಯ ಕೋಶಗಳು ಅದೇ ಕಟ್ಟಡದ ಕೆಳಗೆ, ಹೊಗೆಯಾಡುವ ಚಳಿಯ ತೊಟ್ಟಿಯಲ್ಲಿ ಇದ್ದವು. ಅವಳೇ ಬೆಳೆಸಿ, ಅವಳೇ ಮುಚ್ಚಳ ಬಿಗಿದು ಇಟ್ಟಂಥವು.

ಡಾಕ್ಟರು ಆ ದಿನವೇ ಪ್ರಯೋಗ ನಿಲ್ಲಿಸಿದರು. ತಪ್ಪನ್ನು ಯಾರ ತಲೆಗೂ ಕಟ್ಟಲಿಲ್ಲ, ಸ್ವಂತ ಹೆಸರಿನಲ್ಲೇ ಮೇಲಿನವರಿಗೆ ತಿಳಿಸಿದರು. ಹಳೆಯ ಕೋಶಗಳನ್ನು ಕೊಡಲು ಒಪ್ಪಿಗೆ ಬೇಕಿತ್ತು, ಒಪ್ಪಿಗೆ ಕೊಡುವವರ ಸಭೆ ಸೇರಬೇಕಿತ್ತು. ಡಾಕ್ಟರು ಕಂಡಕಂಡವರ ಬಾಗಿಲು ಬಡಿದರು, ಜಗಳವಾಡಿದರು. ಅಂತೂ ಒಪ್ಪಿಗೆ ಬಂತು, ಕೋಶಗಳನ್ನು ಕರಗಿಸಿ ಮೂವರಿಗೂ ಕೊಟ್ಟರು. ಉಳಿದಿಬ್ಬರಲ್ಲಿ ಒಬ್ಬಾಕೆಗೆ ವಾರದೊಳಗೆ ಚರ್ಮ ತಿಳಿಯಾಯಿತು, ಭೇದಿ ನಿಂತಿತು, ತಿಂಗಳಾಗುವಷ್ಟರಲ್ಲಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು. ಇನ್ನೊಬ್ಬರು ಉಳಿಯಲಿಲ್ಲ. ತಮ್ಮನ ಕರುಳು ಅಷ್ಟು ಹೊತ್ತಿಗೆ ಹರಿದ ಬಟ್ಟೆಯಾಗಿತ್ತು, ಅದರ ಮೂಲಕ ಸೋಂಕು ರಕ್ತಕ್ಕೆ ಇಳಿದಿತ್ತು.

ಹೇಳದೆ ಬಿಟ್ಟರೆ ತಾನು ಬದುಕಲಾರೆನೆಂದು ಸಾಕಮ್ಮನಿಗೆ ಅನ್ನಿಸಿತು. ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದಾಗ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಉಂಡೆ ಒಡೆದದ್ದು, ಒಡೆಯದ್ದು, ಹಳದಿ, ಬ್ಲೀಚು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಎರಡನೇದು ಕೊಡೋಕ್ ಮುಂಚೆ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಕಣೋ."

"ಹೇಳಿದ್ರೆ ಆ ಹಳೇದು ಆಗ್ಲೇ ಕೊಡ್ತಿದ್ರಾ?"

"ಕೊಡ್ತಿದ್ರೋ ಏನೋ. ಕೊಡಿಸೋಕೆ ನೋಡ್ಬಹುದಿತ್ತು. ನಾನು ನೋಡ್ಲಿಲ್ಲ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವಳು ಕಂಡಿರಲಿಲ್ಲ. ಬೈದಿದ್ದರೆ, ಉಗಿದಿದ್ದರೆ, ಎದ್ದು ಹೋಗು ಎಂದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಹನಿ ಹನಿಯಾಗಿ ಬೀಳುತ್ತಿದ್ದ ಗ್ಲೂಕೋಸ್ ಬಾಟಲಿ ಖಾಲಿಯಾಗಿ ನರ್ಸ್ ಬಂದು ಬದಲಿಸಿ ಹೋದಳು.

"ಅವಳಿಗೆ ಹೇಳ್ಬೇಡ" ಎಂದ ಕೊನೆಗೆ, ಗೋಡೆ ನೋಡುತ್ತಲೇ.

"ಇಲ್ಲ ಕಣೋ, ಅವಳಿಗೆ ಗೊತ್ತಾಗ್ಬೇಕು. ನಾನು..."

"ಅಕ್ಕಾ." ಅವನು ಕಷ್ಟಪಟ್ಟು ಈ ಕಡೆ ಹೊರಳಿದ. ಕಣ್ಣುಗಳು ಹಳದಿಯಾಗಿ ಒಳಗೆ ಹೋಗಿದ್ದವು. "ಅವಳಿಗೆ ತವರಿಲ್ಲ, ಯಾರೂ ಇಲ್ಲ. ನಾನು ಹೋದ್ಮೇಲೆ ಅವಳೂ ಪುಟ್ಟೀನೂ ನಿನ್ನ ಹತ್ರಾನೇ ಬರ್ಬೇಕು. ನೀನು ಇದನ್ನ ಹೇಳಿದ್ರೆ ಅವಳು ನಿನ್ನ ಮನೆ ಹೊಸಿಲು ತುಳೀತಾಳಾ? ನಿಂಗೆ ಮನಸ್ಸು ಹಗುರ ಆಗ್ಬೇಕು ಅಂತ ಅವರಿಬ್ರನ್ನ ಬೀದಿಗೆ ಹಾಕ್ಬೇಡ. ಹೇಳಲ್ಲ ಅಂತ ಮಾತು ಕೊಡು."

ಸಾಕಮ್ಮ ಮಾತು ಕೊಟ್ಟಳು. ನನ್ನನ್ನು ಕ್ಷಮಿಸಿದೆಯಾ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನೂ ಹೇಳಲಿಲ್ಲ. ಅದೇ ವಾರ ಅವನು ತೀರಿಕೊಂಡ.

ತಮ್ಮನ ಹೆಂಡತಿ ಮತ್ತು ಮಗಳು ಈಗ ಸಾಕಮ್ಮನ ಮನೆಯಲ್ಲಿದ್ದಾರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ. ಒಳಗಿನ ಕೋಣೆಯನ್ನು ಅವರಿಗೆ ಬಿಟ್ಟು ತಾನು ಅಡುಗೆಮನೆಯ ಪಕ್ಕ ಮಂಚ ಹಾಕಿಕೊಂಡಿದ್ದಾಳೆ. ತಮ್ಮನ ಹೆಂಡತಿ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದಿದ್ದಾಳೆ. ಮಗುವಿಗೆ ಜ್ವರ ಬಂದರೆ ಇಬ್ಬರೂ ಸರದಿಯ ಮೇಲೆ ಎದ್ದಿರುತ್ತಾರೆ. ಅತ್ತಿಗೆ ಅತ್ತಿಗೆ ಎಂದು ಸಾಕಮ್ಮನ ಹಿಂದೆಮುಂದೆ ತಿರುಗುತ್ತಾಳೆ ತಮ್ಮನ ಹೆಂಡತಿ. ಸ್ವಂತ ತಾಯಿಯನ್ನೂ ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ. ಸಾಕಮ್ಮ ಸಿಡುಕಿದರೂ ಬೇಸರಿಸಿಕೊಳ್ಳುವುದಿಲ್ಲ. ಅತ್ತಿಗೆಗೆ ತಮ್ಮನ ದುಃಖ, ಪಾಪ, ಎಂದು ಪಕ್ಕದ ಮನೆಯವರಿಗೆ ಹೇಳುತ್ತಾಳೆ.

ಲ್ಯಾಬಿನಲ್ಲಿ ಈಗ ಮತ್ತೆ ಚಪ್ಪಟೆ ಫ್ಲಾಸ್ಕುಗಳೇ. ಉಂಡೆ ಯಾಕೆ ಸೋತಿತೆಂದು ಡಾಕ್ಟರು ಬೇರೆ ಕೋಣೆಯಲ್ಲಿ ಹುಡುಕುತ್ತಿದ್ದಾರೆ. ಕಾವಲು ಕೋಶ ಆಸರೆ ಕೋಶದ ಮೈಗೆ ಮೈ ತಾಗಬೇಕೋ ಏನೋ, ಉಂಡೆ ಕಟ್ಟಿದರೆ ಒಳಗಿನವು ಕೈಗೇ ಸಿಗುವುದಿಲ್ಲವೋ ಏನೋ, ಇನ್ನೂ ತಿಳಿದಿಲ್ಲ. ಸಾಕಮ್ಮ ಮೊದಲಿನಂತೆಯೇ ಕೆಲಸ ಮಾಡುತ್ತಾಳೆ. ಹರಟುವವರನ್ನು ಬೈಯುವುದನ್ನು ಮಾತ್ರ ಬಿಟ್ಟಿದ್ದಾಳೆ. ಹೊಸಬರು ಅವಳನ್ನು ಬಹಳ ಸಾಧು ಎಂದುಕೊಂಡಿದ್ದಾರೆ.

ಮೊನ್ನೆ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ತಮ್ಮನ ಹೆಂಡತಿ ಊಟದ ಡಬ್ಬಿ ತಂದು ಚೀಲದಲ್ಲಿಟ್ಟಳು. ಸಾಕಮ್ಮ ಏಕೋ ಅವಳ ಮುಖವನ್ನೇ ನೋಡುತ್ತ ನಿಂತಳು. ಬಾಯಿ ಅರ್ಧ ತೆರೆದಿತ್ತು. ಒಳಗೆ ಮಗು ಪಾಠ ಓದುವುದು ಕೇಳುತ್ತಿತ್ತು.

"ಏನತ್ತಿಗೆ, ಅವ್ರು ನೆನಪಾದ್ರಾ?" ಎಂದು ಅವಳು ಸಾಕಮ್ಮನ ಎರಡೂ ಕೈ ಹಿಡಿದುಕೊಂಡಳು. "ನನಗೆ ಒಂದೇ ಸಮಾಧಾನ ಅತ್ತಿಗೆ. ಬೇರೆ ಯಾರಾದ್ರೂ ಆ ಔಷಧಿ ಮಾಡಿದ್ದಿದ್ರೆ, ಎಲ್ಲಾದ್ರೂ ಏನಾದ್ರೂ ತಪ್ಪಾಗಿತ್ತೇನೋ ಅಂತ ನಾನು ಸಾಯೋವರೆಗೂ ಕೊರಗ್ತಿದ್ದೆ. ನೀವು ಮಾಡಿದ್ರಲ್ಲ, ಅದಕ್ಕೇ ನಾನು ನಿದ್ದೆ ಮಾಡ್ತೀನಿ."

ಸಾಕಮ್ಮ ಬಾಯಿ ಮುಚ್ಚಿದಳು. ಕೈ ಬಿಡಿಸಿಕೊಂಡು, ಬರ್ತೀನಮ್ಮ ಎಂದು ಮೆಟ್ಟಿಲಿಳಿದು ಕೆಲಸಕ್ಕೆ ಹೋದಳು.